ಹೊಸ ಮನೆಯ ತಪಾಸಣೆ: ದುಡ್ಡು ಕೊಡುವ ಮುಂಚೆ ಮಾಡಿಸಿ

ಹಳೆ ಮನೆ ಕೊಳ್ಳುವಾಗ ಎಲ್ಲರೂ ಗೋಡೆ ಮುಟ್ಟಿ ನೋಡುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಚಾವಣಿಯ ಕಲೆ ತೋರಿಸಿ ಚೌಕಾಸಿ ಮಾಡುತ್ತಾರೆ. ಅದೇ ಜನ ಹೊಸ ಮನೆಗೆ ಹೋದಾಗ ಬಣ್ಣ ನೋಡಿ, ಟೈಲ್ಸ್ ನೋಡಿ, 'ಚೆನ್ನಾಗಿದೆ' ಅಂದುಬಿಡುತ್ತಾರೆ. ನನ್ನ ಪ್ರಕಾರ ಇದು ಪೂರ್ತಿ ಉಲ್ಟಾ. ಹಳೆ ಮನೆ ತನ್ನ ಕಾಯಿಲೆಯನ್ನು ತಾನೇ ತೋರಿಸುತ್ತದೆ. ಸೋರುವ ಜಾಗದಲ್ಲಿ ಕಲೆ ಇರುತ್ತದೆ, ಕುಸಿದ ಕಡೆ ಬಿರುಕು ಇರುತ್ತದೆ. ಹೊಸ ಮನೆಯಲ್ಲಿ ಇನ್ನೂ ಯಾರೂ ಸ್ನಾನ ಮಾಡಿಲ್ಲ. ಒಂದು ಜೋರು ಮಳೆ ಅದರ ಮೇಲೆ ಬಿದ್ದಿಲ್ಲ. ಗೀಸರ್, ಓವನ್, ಎಸಿ ಒಟ್ಟಿಗೆ ಓಡಿಲ್ಲ. ತಪ್ಪು ಇದ್ದರೂ ಅದು ಹೊರಗೆ ಬರುವುದಕ್ಕೆ ಅವಕಾಶವೇ ಸಿಕ್ಕಿಲ್ಲ.

ನಾನು ಸಿವಿಲ್ ಎಂಜಿನಿಯರ್. ಬಹಳ ವರ್ಷ ಕಟ್ಟುವವರ ಕಡೆ ಸೈಟಿನಲ್ಲಿದ್ದೆ. ಈಗ ಕೊಳ್ಳುವವರ ಕಡೆಯಿಂದ ಮನೆ ತಪಾಸಣೆ ಮಾಡುತ್ತೇನೆ. ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಹೀಗೆ ಹೇಳುತ್ತೇನೆ: ಖಾಲಿ ಮನೆಯಲ್ಲಿ ಒಂದು ದಿನದ ಮಟ್ಟಿಗೆ ಸಂಸಾರ ಮಾಡಿಸಿ ನೋಡುವುದು. ಎಲ್ಲ ನಲ್ಲಿ ಒಟ್ಟಿಗೆ ಬಿಡುವುದು, ಬಚ್ಚಲಲ್ಲಿ ನೀರು ನಿಲ್ಲಿಸುವುದು, ಎಲ್ಲ ಸ್ವಿಚ್ಚು ಒಟ್ಟಿಗೆ ಹಾಕುವುದು, ಕಿಟಕಿಗೆ ಪೈಪಿನಿಂದ ಮಳೆ ಸುರಿಸುವುದು. ನೀವು ಯಾರನ್ನೇ ಕರೆಸಿ, ಆ ಮನುಷ್ಯ ಇದನ್ನು ಮಾಡುತ್ತಾನಾ, ಇಲ್ಲಾ ಸುಮ್ನೆ ಫೋಟೋ ತೆಗೆದುಕೊಂಡು ಓಡಾಡುತ್ತಾನಾ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಯಾವಾಗ ಕರೆಸಬೇಕು

ಮನೆ ಮುಗಿದಿರಬೇಕು, ನಿಮ್ಮ ದುಡ್ಡು ಮುಗಿದಿರಬಾರದು. ಅಷ್ಟೇ ಲೆಕ್ಕ. ಕೊನೆಯ ಕಂತು ಕಟ್ಟಿ, ಪತ್ರ ಮಾಡಿಸಿಕೊಂಡು, ಕೀಲಿ ಕೈಗೆ ಬಂದ ಮೇಲೆ ಫೋನ್ ಮಾಡುವವರೇ ಜಾಸ್ತಿ. ಆಗಲೂ ಹೋಗಿ ನೋಡುತ್ತೇನೆ, ವರದಿ ಕೊಡುತ್ತೇನೆ. ಆದರೆ ಅದೇ ವರದಿ ಕಂತಿಗೆ ಮುಂಚೆ ಹೋದರೆ ಮೇಸ್ತ್ರಿ ಬೇಗ ಬರುತ್ತಾನೆ. ಆಮೇಲೆ ಹೋದರೆ 'ನೋಡೋಣ' ಅನ್ನುವ ಉತ್ತರ ಬರುತ್ತದೆ. ಆ ಕಡೆ ಕೂತಿದ್ದವನಾಗಿ ಹೇಳುತ್ತಿದ್ದೇನೆ. ನಾನಿದ್ದ ಸೈಟ್ ಆಫೀಸುಗಳಲ್ಲಿ ದೂರಿನ ಪಟ್ಟಿ ಜೋಡಿಸುತ್ತಿದ್ದದ್ದು ದೋಷ ಎಷ್ಟು ದೊಡ್ಡದು ಅಂತ ನೋಡಿ ಅಲ್ಲ, ಯಾರಿಂದ ಇನ್ನೂ ದುಡ್ಡು ಬರಬೇಕು ಅಂತ ನೋಡಿ.

ಅದಕ್ಕೇ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಈ ಮಾತುಗಳನ್ನು ಅದರಲ್ಲಿ ಬರೆಸಿ. ನೀವು ಕರೆತರುವ ಇನ್ಸ್‌ಪೆಕ್ಟರ್‌ಗೆ ಮನೆಯೊಳಗೆ ಬಿಡಬೇಕು, ನೀರು ಕರೆಂಟು ಕೊಡಬೇಕು. ವರದಿಯಲ್ಲಿ ಬಂದ ದೋಷಗಳನ್ನು ಮನೆ ಒಪ್ಪಿಸುವ ಮುಂಚೆ ಸರಿಮಾಡಬೇಕು. ಸರಿಮಾಡಿದ ಮೇಲೆ ಇನ್ನೊಂದು ಸಲ ನೋಡಲು ಬಿಡಬೇಕು, ಅಲ್ಲಿಯ ತನಕ ಕೊನೆಯ ಕಂತಿನ ಒಂದು ಭಾಗ ನಿಮ್ಮ ಬಳಿಯೇ ಇರುತ್ತದೆ. ಮಾರುವವರು ಇದಕ್ಕೆ ಒಪ್ಪದೆ 'ಹೊರಗಿನವರನ್ನು ಬಿಡಲ್ಲ' ಅಂದರೆ, ಕಾರಣವನ್ನು ಬರಹದಲ್ಲಿ ಕೇಳಿ. ಆ ಮನೆಯ ಬಗ್ಗೆ ನಿಮಗೆ ಗೊತ್ತಾಗುವ ಮೊದಲ ದೊಡ್ಡ ವಿಷಯ ಅದೇ ಆಗಿರಬಹುದು.

ಮನೆ ಇನ್ನೂ ಕಟ್ಟುತ್ತಿರುವಾಗಲೇ ಬುಕ್ ಮಾಡಿದ್ದರೆ ನಿಮ್ಮ ಅದೃಷ್ಟ. ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ಮುಂಚೆ ಒಂದು ಸಲ, ಗೋಡೆಗೆ ಗಾರೆ ಬಳಿಯುವ ಮುಂಚೆ ಇನ್ನೊಂದು ಸಲ ಇನ್ಸ್‌ಪೆಕ್ಟರ್‌ನನ್ನು ಕರೆದುಕೊಂಡು ಹೋಗಿ. ಕಂಬಿ, ಪೈಪು, ವೈರಿನ ಕೊಳವೆ ಎಲ್ಲ ಕಣ್ಣಿಗೆ ಕಾಣುವುದು ಆಗ ಮಾತ್ರ. ಪ್ರತಿ ಗೋಡೆಯ ಫೋಟೋ ತೆಗೆಯಿರಿ, ಫೋಟೋದಲ್ಲಿ ಅಳತೆ ಟೇಪ್ ಕಾಣುವ ಹಾಗಿರಲಿ. ಮುಂದೆ ಎಂದಾದರೂ ಗೋಡೆಗೆ ಮೊಳೆ ಹೊಡೆಯುವಾಗ ಆ ಫೋಟೋಗಳಿಗೆ ನೀವೇ ಕೈ ಮುಗಿಯುತ್ತೀರಿ.

ಮುಗಿದ ಮನೆಗೆ ಹೋಗುವ ದಿನ ಖಾಯಂ ನೀರು, ಕರೆಂಟು ಎರಡೂ ಇರಲೇಬೇಕು. ಇಲ್ಲದಿದ್ದರೆ ದಿನ ಮುಂದಕ್ಕೆ ಹಾಕಿ. ಕರೆಂಟಿಲ್ಲದ ಮನೆಯಲ್ಲಿ ನನಗೆ ಸಿಗುವುದು ಅರ್ಧ ಮನೆ ಮಾತ್ರ. ಹಗಲು ಹೊತ್ತಿನಲ್ಲೇ ಹೋಗಿ. ಹಿಂದಿನ ದಿನ ಚೆನ್ನಾಗಿ ಮಳೆ ಬಂದಿದ್ದರೆ ಇನ್ನೂ ಒಳ್ಳೆಯದು, ದಿನ ಬದಲಾಯಿಸಲು ಯಾರಿಗೂ ಬಿಡಬೇಡಿ.

ಯಾರನ್ನು ಕರೆಸಬೇಕು

ನೀವು ಹುಡುಕಿದವರು, ನೀವು ದುಡ್ಡು ಕೊಡುವವರು, ನಿಮಗೇ ವರದಿ ಕೊಡುವವರು. ಮಾರುವವರು ಸೂಚಿಸಿದ ಇನ್ಸ್‌ಪೆಕ್ಟರ್, ಏಜೆಂಟ್ ತೋರಿಸಿದ ಇನ್ಸ್‌ಪೆಕ್ಟರ್ ಬೇಡ. ಅವರು ಕೆಟ್ಟವರು ಅಂತಲ್ಲ. ಮುಂದಿನ ಕೆಲಸ ಎಲ್ಲಿಂದ ಬರಬೇಕು ಅನ್ನುವುದು ಯಾರಿಗಾದರೂ ನೆನಪಿರುತ್ತದೆ, ಅಲ್ವಾ?

ಅಮೆರಿಕದಲ್ಲಿ ಈ ಕೆಲಸ ಮಾಡುವವರ ಒಂದು ಸಂಘ 1976ರಲ್ಲೇ ಶುರುವಾಯಿತು, ಅಮೆರಿಕನ್ ಸೊಸೈಟಿ ಆಫ್ ಹೋಮ್ ಇನ್ಸ್‌ಪೆಕ್ಟರ್ಸ್ ಅಂತ. ಅವರ ನೀತಿ ಸಂಹಿತೆಯಲ್ಲಿ ನನಗೆ ತುಂಬ ಹಿಡಿಸಿದ ಒಂದು ನಿಯಮ ಇದೆ. ತಪಾಸಣೆ ಮಾಡಿದ ಮನೆಯಲ್ಲಿ ಒಂದು ವರ್ಷದ ತನಕ ಇನ್ಸ್‌ಪೆಕ್ಟರ್ ದುಡ್ಡು ತೆಗೆದುಕೊಂಡು ರಿಪೇರಿ ಮಾಡುವಂತಿಲ್ಲ. ಮನೆ ಮಾರಿಸುವ ಏಜೆಂಟರಿಗೆ ಗಿರಾಕಿ ಕಳಿಸಿದ್ದಕ್ಕೆ ಕಮಿಷನ್ ಕೊಡುವಂತೆಯೂ ಇಲ್ಲ. ನೀವು ಯಾವ ದೇಶದಲ್ಲಿದ್ದರೂ ಈ ಎರಡು ಪ್ರಶ್ನೆ ಕೇಳಿ: 'ನೀವೇ ರಿಪೇರಿಯನ್ನೂ ಮಾಡಿಕೊಡುತ್ತೀರಾ?' 'ಯಾರಿಗಾದರೂ ಕಮಿಷನ್ ಹೋಗುತ್ತದಾ?' ಮೊದಲನೆಯದಕ್ಕೆ ಖುಷಿಯಿಂದ 'ಹೌದು' ಅಂದರೆ ಬೇರೆಯವರನ್ನು ನೋಡಿ.

ಆಮೇಲೆ, ಹಿಂದೆ ಮಾಡಿದ ಒಂದು ವರದಿಯನ್ನು ಹೆಸರು ವಿಳಾಸ ಅಳಿಸಿ ಕೊಡಿ ಅಂತ ಕೇಳಿ. ನೂರು ಪುಟ ಇದ್ದರೆ ಬೆರಗಾಗಬೇಡಿ. ಅದರಲ್ಲಿ ದೋಷ ಎಲ್ಲಿದೆ ಅಂತ ಗೊತ್ತಾಗುತ್ತದಾ, ಮೇಸ್ತ್ರಿಯ ಕೈಗೆ ಕೊಟ್ಟರೆ ಅವನು ಹುಡುಕಿ ಸರಿಮಾಡಬಹುದಾ ನೋಡಿ. ಮನೆಗೆ ಬರುವವರು ಯಾರು ಅಂತಲೂ ಕೇಳಿ. ಫೋನಿನಲ್ಲಿ ಅನುಭವಿ ಮಾತಾಡಿ, ಬಾಗಿಲಿಗೆ ನಿನ್ನೆ ಸೇರಿದ ಹುಡುಗ ಬರುವುದುಂಟು. ಎಷ್ಟು ಹೊತ್ತು ಬೇಕು ಅಂತ ಕೇಳಿ. ಮೂರು ಕೋಣೆಯ ಮನೆಯನ್ನು ಒಂದು ಗಂಟೆಯಲ್ಲಿ ಮುಗಿಸುತ್ತೇನೆ ಅನ್ನುವವರಿಗೆ ನಮಸ್ಕಾರ ಹೇಳಿ ಕಳಿಸಿ. ಅರ್ಧ ದಿನ ಬೇಕು. ನೀರು ನಿಲ್ಲಿಸಿ ನೋಡುವ ಪರೀಕ್ಷೆ ಸೇರಿದರೆ ಮಾರನೇ ದಿನವೂ ಬರಬೇಕು.

ಏನನ್ನು ನೋಡುವುದಿಲ್ಲ ಅಂತಲೂ ಮೊದಲೇ ಹೇಳಿಸಿಕೊಳ್ಳಿ. ಮನೆ ತಪಾಸಣೆ ಅಂದರೆ ಕಣ್ಣಿಗೆ ಕಾಣುವ, ಕೈಗೆ ಸಿಗುವ ಭಾಗಗಳನ್ನು ನೋಡುವುದು. ಗೋಡೆ ಒಡೆದು ಒಳಗೆ ನೋಡುವುದಿಲ್ಲ. ಕಾಗದಪತ್ರ, ಮಂಜೂರಾತಿ, ಜಾಗದ ಮಾಲೀಕತ್ವ ಇವೆಲ್ಲ ವಕೀಲರ ಕೆಲಸ. ಇನ್ಸ್‌ಪೆಕ್ಟರ್ ವರದಿ ಚೆನ್ನಾಗಿದೆ ಅಂತ ಅದನ್ನು ಬಿಡುವ ಹಾಗಿಲ್ಲ.

ಉಪಕರಣಗಳ ಬಗ್ಗೆ ಒಂದು ಮಾತು. ಥರ್ಮಲ್ ಕ್ಯಾಮೆರಾ ಹಿಡಿದು ಬಂದರೆ ಜನ ಮರುಳಾಗುತ್ತಾರೆ. ಅದು ಗೋಡೆಯ ಒಳಗಿನ ನೀರನ್ನು ತೋರಿಸುವುದಿಲ್ಲ. ಮೇಲ್ಮೈಯ ಬಿಸಿ ತಂಪನ್ನು ಮಾತ್ರ ತೋರಿಸುತ್ತದೆ. ಒದ್ದೆ ಜಾಗದಿಂದ ನೀರು ಆರುವಾಗ ಅಲ್ಲಿ ತಂಪಾಗುತ್ತದೆ, ಅದು ಬೇರೆ ಬಣ್ಣದಲ್ಲಿ ಕಾಣುತ್ತದೆ. ಎಸಿ ಗಾಳಿ ಬಡಿದ ಗೋಡೆಯೂ ಹಾಗೇ ಕಾಣುತ್ತದೆ. ಆದ್ದರಿಂದ ಕ್ಯಾಮೆರಾದಲ್ಲಿ ಕಂಡ ಜಾಗಕ್ಕೆ ತೇವಮಾಪಕ ಇಟ್ಟು ಖಚಿತ ಮಾಡಿಕೊಳ್ಳಬೇಕು. ಆ ತೇವಮಾಪಕಕ್ಕೂ ಮಿತಿ ಇದೆ. ಸೂಜಿ ಚುಚ್ಚುವ ಮಾಪಕಗಳನ್ನು ಸಾಮಾನ್ಯವಾಗಿ ಮರಕ್ಕೆ ಹೊಂದಿಸಿರುತ್ತಾರೆ. ಗಾರೆಯ ಮೇಲೆ ಅದು ತೋರಿಸುವ ಅಂಕಿ ಹೋಲಿಸುವುದಕ್ಕೆ ಮಾತ್ರ ಸರಿ. ಗೋಡೆ ಉಪ್ಪು ಬಿಟ್ಟಿದ್ದರೆ ಅದಕ್ಕೂ ಜಾಸ್ತಿ ತೋರಿಸುತ್ತದೆ. ಜೊತೆಗೆ ಹೊಸ ಗಾರೆ ಹೇಗಿದ್ದರೂ ಒದ್ದೆಯೇ. ಹಾಗಾಗಿ ಒಂದೇ ಜಾಗದ ಅಂಕಿ ನೋಡಿ ಗಾಬರಿಯಾಗಬೇಡಿ. ಅದೇ ಗೋಡೆಯ ಮೇಲೆ, ಕೆಳಗೆ, ಪಕ್ಕದ ಕೋಣೆಯಲ್ಲಿ ಎಷ್ಟು ಬರುತ್ತದೆ ಅಂತ ಕೇಳಿ.

ಕಾಂಕ್ರೀಟಿಗೆ ಬಡಿಯುವ ರಿಬೌಂಡ್ ಹ್ಯಾಮರ್ ಕೂಡ ಹಾಗೇ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಅರ್ನ್ಸ್ಟ್ ಶ್ಮಿಟ್ 1940ರ ದಶಕದ ಕೊನೆಯ ಹೊತ್ತಿಗೆ ಕಂಡುಹಿಡಿದ ಉಪಕರಣ ಅದು, ಇವತ್ತಿಗೂ ಉಪಯೋಗದ್ದೇ. ಆದರೆ ಅದು ಹೇಳುವುದು ಮೇಲ್ಮೈ ಎಷ್ಟು ಗಟ್ಟಿ ಅಂತ. ಗಾರೆ, ಪುಟ್ಟಿ ಬಳಿದ ಕಂಬದ ಮೇಲೆ ಬಡಿದು 'ಕಾಂಕ್ರೀಟ್ ಗಟ್ಟಿಯಿದೆ' ಅನ್ನುವವರನ್ನು ನಂಬಬೇಡಿ. ನಾನು ಜಾಸ್ತಿ ಬಳಸುವುದು ರಸಮಟ್ಟ, ಟಾರ್ಚು, ಬಕೆಟ್ಟು, ತುದಿಯಲ್ಲಿ ಗುಂಡಿರುವ ಒಂದು ಕಬ್ಬಿಣದ ಕಡ್ಡಿ.

ನೀರಿನಿಂದ ಶುರು

ನಾನು ಮನೆಯೊಳಗೆ ಹೋದ ಕೂಡಲೇ ಮಾಡುವ ಮೊದಲ ಕೆಲಸ ಬಚ್ಚಲುಗಳಲ್ಲಿ ನೀರು ನಿಲ್ಲಿಸುವುದು. ಯಾಕೆಂದರೆ ಅದಕ್ಕೆ ಟೈಮ್ ಬೇಕು. ನೀರು ಹೋಗುವ ತೂತಿಗೆ ಬಿರಡೆ ಹಾಕಿ, ಹೊಸ್ತಿಲು ದಾಟದ ಹಾಗೆ ಒಂದು ಇಂಚಿನಷ್ಟು ನೀರು ತುಂಬಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುತ್ತೇನೆ. ಕಡಿಮೆ ಅಂದರೆ 24 ಗಂಟೆ ಬಿಡಬೇಕು, 72 ಗಂಟೆ ಬಿಟ್ಟರೂ ತಪ್ಪಿಲ್ಲ. ನೀರು ಸ್ವಲ್ಪ ಇಳಿದರೆ 'ಅದು ಆವಿಯಾಗಿದ್ದು' ಅನ್ನುತ್ತಾರೆ. ಅದಕ್ಕೇ ಪಕ್ಕದಲ್ಲೇ ಒಂದು ಬಕೆಟ್ ನೀರಿಟ್ಟು ಅದಕ್ಕೂ ಗೆರೆ ಹಾಕಿಡುತ್ತೇನೆ. ಬಕೆಟ್ಟಿನಲ್ಲಿ ಇಳಿದದ್ದಕ್ಕಿಂತ ನೆಲದಲ್ಲಿ ಜಾಸ್ತಿ ಇಳಿದಿದ್ದರೆ ನೀರು ಎಲ್ಲೋ ಹೋಗುತ್ತಿದೆ. ಕೆಳಗಿನ ಮನೆಯ ಚಾವಣಿ, ಬಚ್ಚಲಿಗೆ ಹೊಂದಿಕೊಂಡ ಕೋಣೆಯ ಗೋಡೆಯ ಬುಡ, ಬಾಗಿಲ ಚೌಕಟ್ಟಿನ ಕಾಲು ಇವನ್ನು ನೀರು ನಿಲ್ಲಿಸುವ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ನೋಡಬೇಕು. ಮಹಡಿ ಮನೆಯಾದರೆ ಕೆಳಗಿನವರನ್ನು ಕೇಳಿಕೊಂಡೇ ಮಾಡಿ.

ತಾರಸಿಯ ಮೇಲೂ ಹೀಗೇ ಮಾಡಬಹುದು, ಆದರೆ ಎಂಜಿನಿಯರ್‌ನ ಒಪ್ಪಿಗೆ ಪಡೆದು. ಒಂದು ಚದರ ಮೀಟರಿನ ಮೇಲೆ 50 ಮಿಲಿಮೀಟರ್ ನೀರು ನಿಂತರೆ 50 ಕೆಜಿ ಭಾರ. ಇಡೀ ತಾರಸಿಗೆ ಲೆಕ್ಕ ಹಾಕಿದರೆ ಸಣ್ಣ ಭಾರವಲ್ಲ.

ಬಿರಡೆ ತೆಗೆದ ಮೇಲಿನ ಹತ್ತು ನಿಮಿಷ ನನಗೆ ಇಷ್ಟ. ನೀರು ಎಲ್ಲಿಗೆ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಸುಮ್ಮನೆ ನಿಂತು ನೋಡಿ. ವಾಟ, ಅಂದರೆ ನೆಲದ ಇಳಿಜಾರು, ಸರಿಯಿದ್ದರೆ ಎಲ್ಲ ನೀರು ಜಾಲರಿಗೆ ಹೋಗುತ್ತದೆ. ಮೂಲೆಯಲ್ಲಿ, ಕಮೋಡಿನ ಹಿಂದೆ, ಬಾಗಿಲ ಬಳಿ ನಿಂತರೆ ವಾಟ ತಪ್ಪಿದೆ. ಇದನ್ನು 'ಸಣ್ಣ ವಿಷಯ' ಅಂತ ಬಿಡಬೇಡಿ. ಬಚ್ಚಲ ವಾಟ ಸರಿಮಾಡಬೇಕಾದರೆ ಟೈಲ್ಸ್ ಕಿತ್ತೇ ಮಾಡಬೇಕು. ನೀವು ಒಳಗೆ ಬಂದ ಮೇಲೆ ಯಾರೂ ಅದನ್ನು ಮಾಡಿಕೊಡುವುದಿಲ್ಲ.

ಇನ್ನು ಒಳಚರಂಡಿ ಪೈಪು. ಹೊಸ ಮನೆಯಲ್ಲಿ ನಾನು ಮತ್ತೆ ಮತ್ತೆ ನೋಡುವ ದೋಷ ಇದು: ಕೆಲಸದವರು ಮಿಕ್ಕ ಸಿಮೆಂಟ್ ಹಾಲು, ಗ್ರೌಟ್ (ಟೈಲ್ಸ್ ಸಂದಿಗೆ ತುಂಬುವ ಗಾರೆ), ಬಣ್ಣ ತೊಳೆದ ನೀರನ್ನು ಬಚ್ಚಲ ತೂತಿಗೇ ಸುರಿದಿರುತ್ತಾರೆ. ಅದು ಪೈಪಿನ ತಿರುವಿನಲ್ಲಿ ಕಲ್ಲಾಗಿ ಕೂತಿರುತ್ತದೆ. ಒಂದು ಚೊಂಬು ನೀರು ಹಾಕಿದರೆ ಸರಾಗ ಹೋಗುತ್ತದೆ. ಸಂಸಾರದ ನೀರು ಬಿದ್ದಾಗ ಉಕ್ಕುತ್ತದೆ. ಹಾಗಾಗಿ ಎಲ್ಲ ನಲ್ಲಿ, ಷವರ್ ಒಟ್ಟಿಗೆ ಬಿಟ್ಟು, ಫ್ಲಶ್‌ಗಳನ್ನು ಒಂದರ ಹಿಂದೆ ಒಂದು ಎಳೆದು, ಅದೇ ಹೊತ್ತಿಗೆ ಹೊರಗಿನ ಚೇಂಬರಿನ ಮುಚ್ಚಳ ತೆಗೆದು ನೋಡಬೇಕು. ನೀರು ಬರುವ ವೇಗ ಗೊತ್ತಾಗುತ್ತದೆ. ಚೇಂಬರಿನ ತಳದಲ್ಲಿ ಮರಳು, ಇಟ್ಟಿಗೆ ಚೂರು ಕಂಡರೆ ಪೈಪಿನೊಳಗೆ ಕ್ಯಾಮೆರಾ ಬಿಡಿಸಿ ಅಂತ ಕೇಳಿ. ಒಂದು ಫ್ಲಶ್ ಎಳೆದಾಗ ಪಕ್ಕದ ಸಿಂಕ್ 'ಗುಳು ಗುಳು' ಅಂದರೆ ಗಾಳಿ ಪೈಪಿನಲ್ಲಿ ತೊಂದರೆ ಇದೆ. ಟ್ರ್ಯಾಪಿನಲ್ಲಿ, ಅಂದರೆ ನೀರು ಹೋಗುವ ತೂತಿನ ಕೆಳಗಿನ ಬಾಗಿದ ಪೈಪಿನಲ್ಲಿ, ಸಾಮಾನ್ಯವಾಗಿ 50 ಮಿಲಿಮೀಟರಿನಷ್ಟು ನೀರು ನಿಂತು ಕೆಟ್ಟ ಗಾಳಿಯನ್ನು ತಡೆಯುತ್ತದೆ. ಗಾಳಿ ಸರಿಯಾಗಿ ಆಡದಿದ್ದರೆ ಆ ನೀರನ್ನು ಪೈಪು ಹೀರಿಕೊಂಡುಬಿಡುತ್ತದೆ. ಹಾಗಂತ ಖಾಲಿ ಮನೆಯಲ್ಲಿ ವಾಸನೆ ಬಂದ ಕೂಡಲೇ ದೋಷ ಅಂತ ಬರೆಯಬಾರದು. ಬಹಳ ದಿನ ಬಳಸದೆ ಟ್ರ್ಯಾಪ್ ಒಣಗಿರಬಹುದು. ನೀರು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮೂಸಿ ನೋಡಿ.

ನೀರು ಬರುವ ಪೈಪಿಗೆ ಸುಲಭದ ಪರೀಕ್ಷೆ ಇದೆ. ಮನೆಗೆ ನೀರಿನ ಮೀಟರ್ ಇದ್ದರೆ ಎಲ್ಲ ನಲ್ಲಿ ಮುಚ್ಚಿ ಅಂಕಿ ಬರೆದಿಟ್ಟು ಒಂದು ಗಂಟೆ ಬಿಟ್ಟು ನೋಡಿ. ಓಡಿದ್ದರೆ ಎಲ್ಲೋ ಸೋರುತ್ತಿದೆ. ಕಟ್ಟುವಾಗ ಪೈಪಿಗೆ ಒತ್ತಡ ಪರೀಕ್ಷೆ ಮಾಡಿದ ದಾಖಲೆ ಕೇಳಿ. ಬಳಕೆಯ ಒತ್ತಡದ ಒಂದೂವರೆ ಪಟ್ಟು ಒತ್ತಡ ಹಾಕಿ ನೋಡುವುದು ರೂಢಿ. ಮೇಲಿನ ಮಹಡಿಯಲ್ಲಿ ಷವರ್ ಸಣ್ಣಗೆ ಬಂದರೆ ಮಾತ್ರ ಪೈಪನ್ನು ಬೈಯುವ ಮುಂಚೆ ಲೆಕ್ಕ ಹಾಕಿ. 10 ಮೀಟರ್ ಎತ್ತರದ ನೀರು ಕೊಡುವುದು ಸುಮಾರು 1 ಬಾರ್ ಒತ್ತಡ. ಟ್ಯಾಂಕ್ ಷವರಿಗಿಂತ 2 ಮೀಟರ್ ಮಾತ್ರ ಮೇಲಿದ್ದರೆ ಸಿಗುವುದು 0.2 ಬಾರ್ ಅಷ್ಟೆ. ಅಲ್ಲಿ ಬೇಕಾದ್ದು ಪಂಪು. ಅದನ್ನು ಯಾರು ಹಾಕಿಸಬೇಕು ಅನ್ನುವುದು ಮಾತಾಡಬೇಕಾದ ವಿಷಯ.

ಫ್ಲಶ್ ಟ್ಯಾಂಕಿಗೆ ಒಂದು ಚಿಟಿಕೆ ಬಣ್ಣ ಹಾಕಿ ಅರ್ಧ ಗಂಟೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ವಾಶರ್ ಹಿಡಿಯುತ್ತಿಲ್ಲ. ಕಮೋಡನ್ನು ಮಂಡಿಯಿಂದ ಒತ್ತಿ ನೋಡಿ, ಅಲುಗಬಾರದು.

ಕಿಟಕಿಗೆ ಬನ್ನಿ. ಜಾರುವ ಕಿಟಕಿಯ ಕೆಳಗಿನ ಕಾಲುವೆಯಲ್ಲಿ ನೀರು ಹೊರಗೆ ಹೋಗಲು ಸಣ್ಣ ತೂತುಗಳಿರುತ್ತವೆ. ಗಾರೆಯವರೋ ಸೀಲೆಂಟ್ ಬಳಿದವರೋ ಅದನ್ನು ಮುಚ್ಚಿಬಿಟ್ಟಿರುತ್ತಾರೆ. ಮಳೆ ಬಂದರೆ ಕಾಲುವೆ ತುಂಬಿ ನೀರು ಒಳಗೇ ಬರುತ್ತದೆ. ಹೊರಗಿನಿಂದ ಪೈಪ್ ಹಿಡಿದು ನೀರು ಹೊಡೆಸಿ, ಆದರೆ ಕೆಳಗಿನಿಂದ ಶುರುಮಾಡಿ ಮೆಲ್ಲಗೆ ಮೇಲಕ್ಕೆ ಹೋಗಿ. ಮೇಲಿನಿಂದ ಹೊಡೆದರೆ ನೀರು ಎಲ್ಲ ಕಡೆ ಇಳಿಯುತ್ತದೆ, ಎಲ್ಲಿಂದ ಒಳಗೆ ಬಂತು ಅಂತ ಗೊತ್ತಾಗುವುದಿಲ್ಲ. ಸಜ್ಜಾದ ಅಡಿಯಲ್ಲಿ, ಅಂಚಿನ ಹತ್ತಿರ, ನೀರು ತೊಟ್ಟಿಕ್ಕಲು ಒಂದು ಗೀರು ಇರಬೇಕು. ಕೈ ಆಡಿಸಿ ನೋಡಿದರೆ ಸಿಗುತ್ತದೆ. ಅದಿಲ್ಲದಿದ್ದರೆ ನೀರು ಅಡಿಭಾಗ ಹಿಡಿದುಕೊಂಡು ಗೋಡೆಗೇ ಬರುತ್ತದೆ.

ಮನೆಯ ಸುತ್ತಲ ನೆಲ ಹೊರಗಡೆಗೆ ಇಳಿದಿರಬೇಕು. ಅಮೆರಿಕದ ಮನೆ ಕಟ್ಟುವ ನಿಯಮದಲ್ಲಿ ಮೊದಲ 10 ಅಡಿಗೆ 6 ಇಂಚು ಇಳಿಜಾರು ಅಂತ ಇದೆ. ಅಷ್ಟು ಜಾಗ ಎಲ್ಲರಿಗೂ ಎಲ್ಲಿರುತ್ತದೆ! ಆದರೆ ನೀರು ತಳಪಾಯದ ಕಡೆಗೆ ಬರಬಾರದು ಅನ್ನುವುದರಲ್ಲಿ ರಾಜಿ ಇಲ್ಲ.

ಬಿರುಕು ಓದುವುದು

ಹೊಸ ಮನೆಯಲ್ಲಿ ಬಿರುಕೇ ಇರಬಾರದು ಅಂತ ಹಟ ಹಿಡಿಯಬೇಡಿ. ಗಾರೆ ಒಣಗುವಾಗ ಕುಗ್ಗುತ್ತದೆ, ಕೂದಲೆಳೆಯಂಥ ಬಿರುಕು ಬಂದೇ ಬರುತ್ತದೆ. ನೋಡಬೇಕಾದ್ದು ಅಗಲ, ದಿಕ್ಕು, ಗೋಡೆಯ ಆ ಕಡೆಗೂ ಇದೆಯಾ ಅನ್ನುವುದು.

ಅಗಲಕ್ಕೆ ಬ್ರಿಟನ್ನಿನ ಬಿಲ್ಡಿಂಗ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್ ಮಾಡಿದ ಪಟ್ಟಿಯನ್ನು ಬಹಳ ಜನ ಬಳಸುತ್ತಾರೆ. 0.1 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಲೆಕ್ಕಕ್ಕಿಲ್ಲ. 1 ಮಿಲಿಮೀಟರ್ ತನಕ ಬಣ್ಣದ ಕೆಲಸದಲ್ಲೇ ಮುಚ್ಚಬಹುದು. 5 ಮಿಲಿಮೀಟರ್ ಮುಟ್ಟುವ ಹೊತ್ತಿಗೆ ಬಾಗಿಲು ಕಿಟಕಿ ಬಿಗಿಯಾಗಲು ಶುರುವಾಗಬಹುದು. ಅದರಾಚೆಗೆ ಒಡೆದು ಕಟ್ಟುವ ಕೆಲಸ. ಆದರೆ ಈ ಪಟ್ಟಿ ಇಟ್ಟಿಗೆ ಗೋಡೆಗೆ. ಕಾಂಕ್ರೀಟ್ ತೊಲೆ, ಕಂಬದಲ್ಲಿ ವಿನ್ಯಾಸ ಮಾಡುವವರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ 0.3 ಮಿಲಿಮೀಟರ್. ಅಳೆಯಲು ಏನೂ ಇಲ್ಲದಿದ್ದರೆ ಬ್ಯಾಂಕ್ ಕಾರ್ಡ್ ತೆಗೆಯಿರಿ. ಅದರ ದಪ್ಪ 0.76 ಮಿಲಿಮೀಟರ್. ಕಾರ್ಡು ಒಳಗೆ ಹೋಗುವ ಬಿರುಕಿನ ಬಗ್ಗೆ 'ಅದು ಗಾರೆಯದ್ದು' ಅನ್ನುವ ಮಾತನ್ನು ಹಾಗೇ ಒಪ್ಪಿಕೊಳ್ಳಬೇಡಿ.

ಕಂಬ ಮತ್ತು ಇಟ್ಟಿಗೆ ಗೋಡೆ ಸೇರುವಲ್ಲಿ ನೆಟ್ಟಗೆ ಇಳಿದ ಬಿರುಕು ಇದ್ದರೆ, ಗಾರೆಯ ಅಡಿಯಲ್ಲಿ ಜಾಲರಿ ಹಾಕದೆ ಬಿಟ್ಟಿರುವ ಸಾಧ್ಯತೆ ಜಾಸ್ತಿ. ನೋಡಲು ಅಸಹ್ಯ, ಅಪಾಯ ಕಡಿಮೆ. ಸ್ಲ್ಯಾಬಿನ ಅಡಿಗೆ, ಗೋಡೆಯ ತುದಿಗೆ ಅಡ್ಡಲಾಗಿ ಓಡುವ ಬಿರುಕು ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಕುಗ್ಗುವುದರಿಂದ ಬರಬಹುದು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟದ್ದು, ಇಟ್ಟಿಗೆಯ ಸಾಲು ಹಿಡಿದು ಮೆಟ್ಟಿಲಿನ ಹಾಗೆ ಇಳಿದದ್ದು, ಒಂದು ತುದಿ ಸಣ್ಣ ಇನ್ನೊಂದು ತುದಿ ದಪ್ಪ ಇರುವುದು, ಇವು ಕಂಡರೆ ಮಾತ್ರ ನಾನು ನಿಲ್ಲುತ್ತೇನೆ. ತಳಪಾಯ ಒಂದು ಕಡೆ ಕೂತಿರಬಹುದು. ಇಲ್ಲಿ ಮನೆ ಇನ್ಸ್‌ಪೆಕ್ಟರ್ ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ನಿಮ್ಮ ಇನ್ಸ್‌ಪೆಕ್ಟರ್ ಅದನ್ನು ತಾನೇ ಹೇಳಬೇಕು. ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುವವರು ಈ ಕೆಲಸಕ್ಕೆ ಸರಿಯಲ್ಲ.

ಒಂದು ಗುಟ್ಟು. ಕೆಲಸ ಹೇಗೆ ನಡೆದಿದೆ ಅಂತ ತಿಳಿಯಲು ಹಾಲ್ ನೋಡಬೇಡಿ. ಪೈಪುಗಳು ಇಳಿಯುವ ಡಕ್ಟಿನೊಳಗೆ, ಮೆಟ್ಟಿಲ ಅಡಿಯಲ್ಲಿ, ಫಾಲ್ಸ್ ಸೀಲಿಂಗಿನ ಮೇಲೆ, ವಾಹನ ನಿಲ್ಲಿಸುವ ಜಾಗದ ಚಾವಣಿಯಲ್ಲಿ ಟಾರ್ಚ್ ಬಿಡಿ. ಅಲ್ಲಿ ಪುಟ್ಟಿ ಬಳಿಯುವ ತೊಂದರೆ ಯಾರೂ ತೆಗೆದುಕೊಂಡಿರುವುದಿಲ್ಲ. ಕಾಂಕ್ರೀಟ್ ಸರಿಯಾಗಿ ಇಳಿಯದೆ ಜಲ್ಲಿ ತೂತು ತೂತಾಗಿ ಕಾಣುತ್ತಿದ್ದರೆ, ಕಂಬಿ ಹೊರಗೆ ಇಣುಕುತ್ತಿದ್ದರೆ, ಒಳಗಿನ ನುಣುಪು ಗೋಡೆಯ ಹಿಂದೆಯೂ ಅದೇ ಕೈ ಕೆಲಸ ಮಾಡಿದೆ ಅಂತ ತಿಳಿಯಿರಿ. ಟಾರ್ಚನ್ನು ಗೋಡೆಗೆ ನೇರ ಬಿಡದೆ ಪಕ್ಕದಿಂದ, ಗೋಡೆಯನ್ನು ಸವರುವ ಹಾಗೆ ಬಿಟ್ಟರೆ ತೇಪೆ ಹಾಕಿದ ಜಾಗಗಳೆಲ್ಲ ಎದ್ದು ಕಾಣುತ್ತವೆ. ಒಂದೇ ಗೋಡೆಯಲ್ಲಿ ಒಂದು ಕಡೆ ಮಾತ್ರ ಬಣ್ಣ ಹೊಸದಾಗಿದ್ದರೆ ಯಾಕೆ ಅಂತ ಕೇಳಿ.

ನೆಲ, ಬಾಗಿಲು, ಅಳತೆ

ಇವು ಬೇಗ ಮುಗಿಯುತ್ತವೆ. ಕಡ್ಡಿಯ ಗುಂಡನ್ನು ಟೈಲ್ಸ್ ಮೇಲೆ ಎಳೆದುಕೊಂಡು ಹೋದರೆ ಅಡಿಯಲ್ಲಿ ಪೊಳ್ಳಿರುವ ಕಡೆ ಸದ್ದು ಬದಲಾಗುತ್ತದೆ. ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆ ಎಎನ್‌ಎಸ್‌ಐ ಪ್ರಕಾರ ಒಣ ಜಾಗದಲ್ಲಿ ಟೈಲಿನ ಅಡಿಯ ನೂರಕ್ಕೆ 80 ಭಾಗಕ್ಕಾದರೂ, ಒದ್ದೆ ಜಾಗದಲ್ಲಿ ನೂರಕ್ಕೆ 95 ಭಾಗಕ್ಕಾದರೂ ಅಂಟು ತಾಕಿರಬೇಕು. ಮೂಲೆಯಲ್ಲಿ ಪೊಳ್ಳಿರುವ ಟೈಲ್ ಭಾರ ಬಿದ್ದಾಗ ಒಡೆಯುತ್ತದೆ. ಅಂಥವನ್ನು ಬದಲಾಯಿಸಲೇಬೇಕು. ನಡುವೆ ಸ್ವಲ್ಪ ಸದ್ದು ಬಂದರೆ ನಾನು ಗಲಾಟೆ ಮಾಡುವುದಿಲ್ಲ. ಮರದ ನೆಲ ಹಾಕಿದ್ದರೆ ಅಡಿಯ ಸಿಮೆಂಟ್ ಒಣಗಲು ಎಷ್ಟು ದಿನ ಬಿಟ್ಟಿದ್ದರು ಅಂತ ಕೇಳಿ. ಮೊದಲ 50 ಮಿಲಿಮೀಟರ್ ದಪ್ಪದವರೆಗೆ ಒಂದು ಮಿಲಿಮೀಟರಿಗೆ ಒಂದು ದಿನ ಅನ್ನುವುದು ರೂಢಿಯ ಲೆಕ್ಕ. ಅವಸರ ಮಾಡಿದ್ದರೆ ಹಲಗೆ ಉಬ್ಬುತ್ತದೆ.

ಬಾಗಿಲನ್ನು ಅರ್ಧ ತೆರೆದು ಕೈ ಬಿಡಿ. ತಾನಾಗಿ ಓಡಿದರೆ ಚೌಕಟ್ಟು ನೆಟ್ಟಗಿಲ್ಲ. ಎಲ್ಲ ಚಿಲಕ, ಎಲ್ಲ ಕೀಲಿ ಹಾಕಿ ತೆಗೆಯಿರಿ. ಕೋಣೆಗಳನ್ನು ಅಳೆದು ನಕ್ಷೆಯ ಜೊತೆ ಹೋಲಿಸಿ. ನಕ್ಷೆಯಲ್ಲಿ ಇರುವ ಕಿಟಕಿ ಗೋಡೆಯಲ್ಲಿಲ್ಲದ ಮನೆಯನ್ನೂ ನಾನು ನೋಡಿದ್ದೇನೆ.

ಕರೆಂಟು

ಇದನ್ನು ನೀವೇ ಮುಟ್ಟಬೇಡಿ. ಬೋರ್ಡಿನ ಮುಚ್ಚಳ ತೆಗೆಯುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಇನ್ಸ್‌ಪೆಕ್ಟರ್ ತಂಡದಲ್ಲಿ ಅಂಥವರು ಇದ್ದಾರಾ ಕೇಳಿ. ಪ್ಲಗ್ಗಿಗೆ ಚುಚ್ಚುವ ಮೂರು ದೀಪದ ಟೆಸ್ಟರ್ ಅರ್ಥಿಂಗ್ ವೈರ್ ಸೇರಿದೆಯಾ, ಫೇಸ್ ನ್ಯೂಟ್ರಲ್ ಅದಲುಬದಲಾಗಿದೆಯಾ ಅಂತ ಹೇಳುತ್ತದೆ. ಅರ್ಥಿಂಗ್ ಎಷ್ಟು ಚೆನ್ನಾಗಿದೆ ಅಂತ ಹೇಳುವುದಿಲ್ಲ. ಅದಕ್ಕೆ ಬೇರೆ ಮೀಟರ್ ಬೇಕು.

ಶಾಕ್ ಹೊಡೆಯದಂತೆ ಕಾಯುವ ಆರ್‌ಸಿಸಿಬಿ ಇದೆಯಾ ನೋಡಿಸಿ. ಬಹಳ ದೇಶಗಳಲ್ಲಿ ಮನೆಗೆ ಹಾಕುವುದು 30 ಮಿಲಿಆಂಪಿಯರಿನದ್ದು. ಸಾಮಾನ್ಯ ಬಗೆಯದ್ದಾದರೆ ಅಷ್ಟು ಸೋರಿಕೆಗೆ 300 ಮಿಲಿಸೆಕೆಂಡಿನ ಒಳಗೆ ಅದು ಕಟ್ ಆಗಬೇಕು. ಮೇಲಿರುವ ಟೆಸ್ಟ್ ಗುಂಡಿ ಒತ್ತಿದರೆ ಒಳಗಿನ ಯಂತ್ರ ಓಡುತ್ತದೆ ಅಂತ ಮಾತ್ರ ಗೊತ್ತಾಗುತ್ತದೆ, ಎಷ್ಟು ಬೇಗ ಅನ್ನುವುದು ಮೀಟರಿನಲ್ಲಿ ಅಳೆದರೇ ಗೊತ್ತಾಗುವುದು. ವೈರಿನ ಹೊದಿಕೆ ಚೆನ್ನಾಗಿದೆಯಾ ಅಂತ 500 ವೋಲ್ಟ್ ಹಾಕಿ ನೋಡುತ್ತಾರೆ. ಕಡಿಮೆ ಅಂದರೆ 1 ಮೆಗಾಓಮ್ ಬರಬೇಕು. ಗಾರೆಯೊಳಗೆ ವೈರು ಎಳೆಯುವಾಗ ಸಿಪ್ಪೆ ಸುಲಿದಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಕೊನೆಗೆ ದೊಡ್ಡ ದೊಡ್ಡ ಉಪಕರಣಗಳನ್ನೆಲ್ಲ ಒಟ್ಟಿಗೆ ಹಾಕಿ ಅರ್ಧ ಗಂಟೆ ಬಿಟ್ಟು, ಬೋರ್ಡಿಗೆ ಥರ್ಮಲ್ ಕ್ಯಾಮೆರಾ ಹಿಡಿಸಿ. ಆ ಕ್ಯಾಮೆರಾ ನಿಜಕ್ಕೂ ದುಡ್ಡಿಗೆ ತಕ್ಕ ಕೆಲಸ ಮಾಡುವುದು ಇಲ್ಲೇ. ಸಡಿಲವಾದ ಸ್ಕ್ರೂ ಇರುವ ಜಾಗ ಬಿಸಿಯಾಗಿ ಹೊಳೆಯುತ್ತದೆ. ಪದೇ ಪದೇ ಬೀಳುತ್ತದೆ ಅಂತ ತೆಳು ವೈರಿಗೆ ದೊಡ್ಡ ಎಂಸಿಬಿ (ಕರೆಂಟು ಜಾಸ್ತಿ ಹರಿದರೆ ತಾನೇ ಕಟ್ ಆಗುವ ಸ್ವಿಚ್ಚು) ಹಾಕಿಟ್ಟಿರುವುದನ್ನೂ ಇದೇ ಹೊತ್ತಿಗೆ ನೋಡಿಸಿ. ಬೆಂಕಿ ಶುರುವಾಗುವುದು ಅಂಥ ಕಡೆ.

ವರದಿ ಬಂದ ಮೇಲೆ

'ಬಚ್ಚಲಲ್ಲಿ ಲೀಕೇಜ್ ಇದೆ' ಅಂತ ಬರೆದ ವರದಿ ಪ್ರಯೋಜನಕ್ಕಿಲ್ಲ. 'ಮೇಲಿನ ಬಚ್ಚಲು, ಬಾಗಿಲ ಎಡ ಕಾಲಿನ ಬಳಿ, 24 ಗಂಟೆ ನೀರು ನಿಲ್ಲಿಸಿದಾಗ ಪಕ್ಕದ ಕೋಣೆಯ ಗೋಡೆ ಬುಡ ಒದ್ದೆಯಾಯಿತು, ಫೋಟೋ ಇಷ್ಟನೆಯದು' ಅಂತಿರಬೇಕು. ಹೀಗಿದ್ದರೆ ಇಲ್ಲ ಅನ್ನಲು ಯಾರಿಗೂ ಆಗುವುದಿಲ್ಲ. ವರದಿ ಬರೆಸುವುದಕ್ಕೆ ಮುಂಚೆ, ತಪಾಸಣೆಯ ಕೊನೆಯ ಒಂದು ಗಂಟೆ ನೀವೂ ಜೊತೆಗಿರಿ. ಕೈ ತೋರಿಸಿ ಹೇಳಿದ್ದು ಓದಿದ್ದಕ್ಕಿಂತ ಚೆನ್ನಾಗಿ ತಲೆಗೆ ಹೋಗುತ್ತದೆ.

ಪಟ್ಟಿಯನ್ನು ಹಾಗೇ ಮಾರುವವರಿಗೆ ಎಸೆಯಬೇಡಿ. ನೂರು ಅಂಶ ಇದ್ದರೆ ಅದರಲ್ಲಿ ಎಂಬತ್ತು ಬಣ್ಣದ ಚುಕ್ಕೆ, ಗೀರು. ಅವರು ಅವನ್ನೇ ಮೊದಲು ಮಾಡಿ 'ಎಂಬತ್ತು ಮುಗಿಯಿತು' ಅನ್ನುತ್ತಾರೆ. ಜೀವಕ್ಕೆ ಅಪಾಯ ಇರುವುದು, ನೀರು ಸೋರುವುದು, ಒಡೆದೇ ಸರಿಮಾಡಬೇಕಾದ್ದು ಇವನ್ನು ಬೇರೆ ಕಾಗದದಲ್ಲಿ ಮೇಲಿಡಿ. ಪ್ರತಿಯೊಂದಕ್ಕೂ ಯಾರು, ಯಾವ ತಾರೀಖಿನೊಳಗೆ ಅಂತ ಬರೆಸಿಕೊಳ್ಳಿ. 'ಗ್ಯಾರಂಟಿ ಅವಧಿಯಲ್ಲಿ ಮಾಡಿಕೊಡುತ್ತೇವೆ' ಅನ್ನುವ ಮಾತು ಈ ಕಾಗದಕ್ಕೆ ಸಲ್ಲುವುದಿಲ್ಲ. ಗ್ಯಾರಂಟಿ ಇರುವುದು ಮುಂದೆ ಕಾಣಿಸಿಕೊಳ್ಳುವ ದೋಷಕ್ಕೆ, ಈಗಲೇ ಕಂಡದ್ದಕ್ಕೆ ಅಲ್ಲ.

ಬಿಟ್ಟು ಬರಬೇಕಾದ ಮನೆಯೂ ಇರುತ್ತದೆ. ತಳಪಾಯ ಕೂತಿದೆ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಟ್ಟರೆ, ಕಂಬ ತೊಲೆಗಳಲ್ಲಿ ಕಂಬಿ ಕಾಣುತ್ತಿದ್ದರೆ, ಮನೆ ಮಂಜೂರಾದ ನಕ್ಷೆಗಿಂತ ಬೇರೆಯೇ ಇದ್ದರೆ ನಾನು ರಿಯಾಯಿತಿ ಕೇಳಿ ಅನ್ನುವುದಿಲ್ಲ, ಬೇರೆ ಮನೆ ನೋಡಿ ಅನ್ನುತ್ತೇನೆ. ವಾಟ ತಪ್ಪಿದ್ದು, ಪೊಳ್ಳು ಟೈಲ್ಸ್, ಸೋರುವ ಕಿಟಕಿ ಇವಕ್ಕೆಲ್ಲ ಮನೆ ಬಿಡಬೇಕಿಲ್ಲ. ಸರಿಮಾಡಿಸಿ ತೆಗೆದುಕೊಳ್ಳಿ.

ಸರಿಮಾಡಿದ್ದೇವೆ ಅಂತ ಫೋನ್ ಬಂದಾಗ ಫೋಟೋ ನೋಡಿ ಒಪ್ಪಬೇಡಿ. ಇನ್ಸ್‌ಪೆಕ್ಟರ್ ಮತ್ತೆ ಬರಬೇಕು, ಅದನ್ನು ಮೊದಲ ಶುಲ್ಕದಲ್ಲೇ ಸೇರಿಸಿ ಮಾತಾಡಿಕೊಂಡಿರಿ. ಸೋರಿದ ಬಚ್ಚಲಿಗೆ ಮತ್ತೆ 24 ಗಂಟೆ ನೀರು ನಿಲ್ಲಿಸಬೇಕು. ಮೇಲಿನಿಂದ ಗ್ರೌಟ್ ಬಳಿದು ಮುಗಿಸಿದ್ದರೆ ಅದು ಮತ್ತೆ ಒದ್ದೆಯಾಗುತ್ತದೆ. ಎರಡನೇ ಸಲವೂ ಒದ್ದೆಯಾದರೆ ಟೈಲ್ಸ್ ಕಿತ್ತು ಅಡಿಯ ವಾಟರ್‌ಪ್ರೂಫಿಂಗ್ ಹೊಸದಾಗಿ ಮಾಡಿಸಿ. ಟೈಲ್ಸ್ ಹಾಕುವ ಮುಂಚೆ ಅದರ ಮೇಲೆಯೇ ನೀರು ನಿಲ್ಲಿಸಿ ತೋರಿಸಿ ಅಂತ ಬರಹದಲ್ಲಿ ಕೇಳಿ. ಅಷ್ಟು ಆಗುವ ತನಕ ಕೊನೆಯ ಕಂತು ನಿಮ್ಮ ಖಾತೆಯಲ್ಲೇ ಇರಲಿ.